ಒಂದು ಚಮಚದ ಸಾಕ್ಷಿ

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಂದು ಚೂರು ಹೊಟ್ಟೆಗೆ ಹೋದರೂ ಇಂಚರಾ ಎಂಬ ಹುಡುಗಿ ಕಾಯಿಲೆ ಬೀಳುತ್ತಿದ್ದಳು. ಅವಳ ಗಂಜಿಗೆಂದು ಓಟ್ಸ್ ಪೊಟ್ಟಣವೊಂದು ಅಡುಗೆಮನೆಗೆ ಬಂತು. ಅಲ್ಲಿ ಗ್ಲುಟೆನ್ ಪರೀಕ್ಷಿಸುವ ಎರಡು ಕಾಗದದ ಪಟ್ಟಿಗಳಿದ್ದವು. ಗ್ಲುಟೆನ್ ಇದ್ದರೆ ಅವುಗಳ ಮೇಲೆ ಎರಡು ಗೆರೆ ಮೂಡುತ್ತವೆ, ಇಲ್ಲದಿದ್ದರೆ ಒಂದೇ.

ಪೊಟ್ಟಣದ ಮೇಲ್ಭಾಗದಿಂದ ಒಂದು ಚಮಚ ಓಟ್ಸ್ ತೆಗೆದು ಕದಡಿದ ನೀರಿನಲ್ಲಿ ಮೊದಲ ಪಟ್ಟಿ ಮುಳುಗಿತು. ಒಂದೇ ಗೆರೆ ಮೂಡಿತು.

"ನೋಡಿದಿರಾ, ನಾನು ಶುದ್ಧ!" ಎಂದಿತು ಪೊಟ್ಟಣ.

"ಶುದ್ಧವಾದದ್ದು ಆ ಚಮಚ, ಪೊಟ್ಟಣರಾಯರೇ. ನಿಮ್ಮ ತಳವನ್ನು ಯಾರೂ ಕಂಡಿಲ್ಲ," ಎಂದಿತು ಎರಡನೆಯ ಪಟ್ಟಿ.

ಪೊಟ್ಟಣಕ್ಕೆ ಕುತೂಹಲವಾಯಿತು. "ಹೌದಲ್ಲ, ನಾನೂ ಕಂಡಿಲ್ಲ! ನೋಡುವುದು ಹೇಗೆ?"

"ಮಿಕ್ಸಿಯಲ್ಲಿ ಎಲ್ಲವನ್ನೂ ಪುಡಿಮಾಡಿ ಬೆರೆಸಬೇಕು. ಆಮೇಲೆ ನಿಮಗೆ ಈ ಅವಲಕ್ಕಿಯಂಥ ಅಂದ ಉಳಿಯುವುದಿಲ್ಲ."

ಖಾಲಿ ಬಟ್ಟಲು ಹಿಡಿದು ಕಾಯುತ್ತಿದ್ದ ಹುಡುಗಿಯನ್ನು ಪೊಟ್ಟಣ ನೋಡಿತು. "ಪುಡಿಮಾಡಿ," ಎಂದಿತು.

ಮಿಕ್ಸಿ ಎಲ್ಲವನ್ನೂ ಪುಡಿಮಾಡಿ ಬೆರೆಸಿತು. ಆ ಪುಡಿ ಕದಡಿದ ನೀರಿನಲ್ಲಿ ಎರಡನೆಯ ಪಟ್ಟಿ ಮುಳುಗಿದಾಗ ಎರಡು ಗೆರೆ ಮೂಡಿದವು. ಗಿರಣಿಯಲ್ಲಿ ಸೇರಿಕೊಂಡ ನಾಲ್ಕು ಗೋಧಿಕಾಳು ಅಲ್ಲಿಯವರೆಗೆ ತಳದ ಮೂಲೆಯಲ್ಲಿ ಅಡಗಿದ್ದವು.

"ನಾನು ಸುಳ್ಳು ಹೇಳಿರಲಿಲ್ಲ," ಎಂದು ಪೊಟ್ಟಣ ಮೆಲ್ಲಗೆ ನುಡಿಯಿತು.

"ಇಲ್ಲ, ಹುಡುಕಿರಲಿಲ್ಲ ಅಷ್ಟೇ," ಎಂದಿತು ಪಟ್ಟಿ.

ಅಂದು ಇಂಚರಾ ಗ್ಲುಟೆನ್ ಇಲ್ಲದ ರಾಗಿಯ ಗಂಜಿ ಕುಡಿದು ಆಡಲು ಓಡಿದಳು.