ಹಗ್ಗ ಇದ್ದ ಜಾಗ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಶರ್ವಾಣಿ ಮೇಡಂ. ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಡುವ ನಮ್ಮೂರಿನ ಹೆಂಗಸರಿಗೆ ಅವರೇ ಗತಿ. ಒಂದು ದಿನ ನಾನು ಗಾಡಿ ಓಡಿಸುತ್ತಲೇ ಎ.ಸಿ. ಎಲ್ಲಿದೆ ಎಂದು ಪರದೆಯ ಮೇಲೆ ಹುಡುಕತೊಡಗಿದಾಗ, ತಮ್ಮ ಕಡೆಯ ಬ್ರೇಕ್ ಒತ್ತಿ ನಿಲ್ಲಿಸಿದರು. ಬೈಯಲಿಲ್ಲ. ಕಥೆ ಶುರು ಮಾಡಿದರು. ಬೈದಿದ್ದರೆ ನಾನು ಸಂಜೆಯೊಳಗೆ ಮರೆತಿರುತ್ತಿದ್ದೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿದ್ದವರು ಇಬ್ಬರೇ, ಒಬ್ಬ ಗುರು, ಒಬ್ಬ ಶಿಷ್ಯ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಎಲ್ಲರೂ ಎಂದರೆ, ಎಲ್ಲರೂ ಇದ್ದ ಕಾಲದಲ್ಲಿ. ಮೇಲ್ಗಡೆ ಸೇತುವೆ ಆದ ಮೇಲೆ ಜನ ಈ ದಾರಿಯನ್ನು ಮರೆತರು. ಶಿಷ್ಯರು ಒಬ್ಬೊಬ್ಬರಾಗಿ ಹೊರಡಲು ಅಪ್ಪಣೆ ಕೇಳಿದರು. ಅಜ್ಜಾರು ಒಬ್ಬೊಬ್ಬರಿಗೂ ಕೊಟ್ಟರು. ಉಳಿದವನು ಪಂಪಾಪತಿ. ಅವನಿಗೆ ಹೋಗಲು ಮನೆ ಇರಲಿಲ್ಲ.

ಹೊಳೆ ದಾಟಿ ಬರುವವಳೂ ಒಬ್ಬಳೇ, ಆಚೆ ದಂಡೆಯ ಗೌರವ್ವ. ಬೆಳಿಗ್ಗೆ ಅಂಬಿಗ ಹುಲಿಗೆಪ್ಪನ ಹರಿಗೋಲಿನಲ್ಲಿ ಮೊಸರಿನ ಗಡಿಗೆ ಹಿಡಿದು ಬರುತ್ತಿದ್ದಳು. ಪಂಪಾಪತಿಯನ್ನು "ಏ ಸನ್ಯಾಸಿ" ಎಂದು ಕರೆದು, ಅಂಗಳದ ಕಸಕ್ಕೂ ಅವನ ಗಡ್ಡಕ್ಕೂ ಸೇರಿಸಿ ಬೈದು ಹೋಗುತ್ತಿದ್ದಳು. ಅವಳು ಬೈದ ಮೇಲೆಯೇ ಆಶ್ರಮದಲ್ಲಿ ಬೆಳಗಾಗುತ್ತಿತ್ತು. ಆಮೇಲೆ ದಿನವಿಡೀ ಹೊಳೆಯ ಸದ್ದು.

ಹಳೆಯ ಕಟ್ಟಳೆಗಳಲ್ಲಿ ಒಂದು ಮಾತ್ರ ಉಳಿದಿತ್ತು. ಚಳಿಗಾಲದಲ್ಲಿ ಹೊಳೆಗೆ ಮಂಜು ಕವಿದಾಗ, ಹರಿಗೋಲು ದಂಡೆ ಮುಟ್ಟುವ ತನಕ ಶಿಷ್ಯ ಗಂಟೆ ಬಾರಿಸಬೇಕು. ಮಂಜಿನಲ್ಲಿ ನೀರಿನ ಮೇಲಿದ್ದವರಿಗೆ ದಂಡೆ ಕಾಣುವುದಿಲ್ಲ. ಕೇಳಿಸಬೇಕು.

ಗಂಟೆಯ ಹಗ್ಗ ಹೊಳೆಗೆ ಇಳಿಯುವ ಕೊನೆಯ ಮೆಟ್ಟಿಲಿನ ಬಲಗಡೆ ಕಂಬದಲ್ಲಿತ್ತು, ಎದೆಮಟ್ಟಕ್ಕೆ. ಚಾಚಿದ ಕೈಗೆ ಸಿಗುತ್ತಿತ್ತು. ಅದರ ಬಣ್ಣ ಯಾವುದೆಂದು ಕೇಳಿದ್ದರೆ ಪಂಪಾಪತಿಗೆ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಪಟ್ಟಣದ ಭಕ್ತರೊಬ್ಬರು ಆಶ್ರಮಕ್ಕೆ ಹೊಸ ಕಾರು ಕೊಟ್ಟರು. ಹಳೆಯ ಜೀಪು ಗುಜರಿಗೆ ಹೋಯಿತು.

ಜೀಪಿನಲ್ಲಿ ವೈಪರಿನ ಗುಂಡಿ ಮುರಿದ ಜಾಗಕ್ಕೆ ಅಜ್ಜಾರು ಒಂದು ಬುಗುರಿ ಸಿಕ್ಕಿಸಿದ್ದರು. ದೀಪದ ಸ್ವಿಚ್ಚಿಗೆ ಬಟ್ಟೆ ಸುತ್ತಿದ್ದರು. ಮುಟ್ಟಿದರೆ ಯಾವುದು ಏನೆಂದು ತಿಳಿಯುತ್ತಿತ್ತು. ಹೊಸ ಗಾಡಿಯಲ್ಲಿ ಗುಂಡಿಗಳೇ ಇರಲಿಲ್ಲ. ನಡುವೆ ಒಂದು ದೊಡ್ಡ ಗಾಜಿನ ಪರದೆ. ಗಾಳಿ, ದೀಪ, ವೈಪರ್, ಹಾಡು, ದಾರಿ, ಎಲ್ಲ ಅದರ ಹೊಟ್ಟೆಯೊಳಗೆ.

"ಒಂದ ಬೆರಳು ಸಾಕ್ರಿ, ಅಜ್ಜಾರ," ಎಂದ ಪಂಪಾಪತಿ.

ಅಜ್ಜಾರು ಗಾಜನ್ನು ನೋಡಿದರು. ಅದರಲ್ಲಿ ತಮ್ಮ ಮುಖ ಕಂಡಿತು.

"ಕಣ್ಣು ಮುಚ್ಚು," ಎಂದರು. "ಜೀಪಿನ ವೈಪರ್ ಎಲ್ಲೈತಿ?"

ಪಂಪಾಪತಿಯ ಕೈ ಗಾಳಿಯಲ್ಲಿ ನೇರ ಬುಗುರಿಯ ಜಾಗಕ್ಕೆ ಹೋಗಿ, ಬೆರಳು ತಿರುಗಿಸಿತು. ಜೀಪು ಹೋಗಿ ವಾರವಾಗಿತ್ತು.

"ಈ ಗಾಡೀದು?"

ಕೈ ನಡುವೆಯೇ ನಿಂತಿತು. ಅವನು ನಕ್ಕ.

"ಕಣ್ಣು ಮುಚ್ಚಿ ಯಾರು ಗಾಡಿ ಹೊಡೀತಾರ್ರಿ, ಅಜ್ಜಾರ?"

"ಕಣ್ಣಿಗೆ ಬ್ಯಾರೆ ಕೆಲಸ ಐತಿ," ಎಂದರು ಅಜ್ಜಾರು.

ಆ ಮಾತು ಪಂಪಾಪತಿಗೆ ಹಿಡಿಸಲಿಲ್ಲ. ಮುದುಕರಿಗೆ ಹೊಸದೆಂದರೆ ಹೀಗೇ ಎಂದುಕೊಂಡ.

ಜೀಪಿನಲ್ಲಿ ಅಜ್ಜಾರು ಅವನ ಪಕ್ಕ ಕೂರುತ್ತಿದ್ದರು. ಹೊಸ ಗಾಡಿಯಲ್ಲಿ ಪಕ್ಕದ ಸೀಟಿಗೂ ಗಾಜು ಹತ್ತಿರ. ಮೊದಲ ದಿನವೇ ಅಜ್ಜಾರ ನಿಲುವಂಗಿಯ ತೋಳು ತಗುಲಿ, ದಾರಿಯ ಚಿತ್ರ ಹೋಗಿ ಸಿನಿಮಾ ಹಾಡು ಬಂತು. ಅದನ್ನು ನಿಲ್ಲಿಸುವಷ್ಟರಲ್ಲಿ ಊರೇ ಬಂದಿತ್ತು. ಅಂದಿನಿಂದ ಪಂಪಾಪತಿ ಅವರನ್ನು ಹಿಂದೆ ಕೂರಿಸಿದ.

ಹಿಂದೆ ಕೂತು ಅಜ್ಜಾರು ಹೊರಗೆ ನೋಡುತ್ತಿದ್ದರು. ಮುಂದೆ ಪಂಪಾಪತಿ ಗಾಡಿಯ ಜೊತೆ ಮಾತಾಡುತ್ತಿದ್ದ. ದಾರಿಯುದ್ದಕ್ಕೂ ಗುರುಶಿಷ್ಯರ ನಡುವೆ ಒಂದು ಮಾತೂ ಬೀಳದ ದಿನಗಳು ಬಂದವು.

ಒಂದು ದಿನ ಅಜ್ಜಾರೇ ಕೇಳಿದರು. ಅದರೊಳಗೆ ನಿನಗೆ ಅಷ್ಟು ಸೇರುವಂಥದ್ದು ಏನಿದೆ?

ಪಂಪಾಪತಿ ಗಾಡಿ ಒರೆಸುತ್ತಿದ್ದ. ತಲೆ ಎತ್ತದೆ ಹೇಳಿದ.

"ಹತ್ತಿದ ಕೂಡಲೇ ನನ್ನ ಹೆಸರ ಹಿಡಿದು ಕರೀತೈತ್ರಿ."

ಅಜ್ಜಾರು ಅವನನ್ನು ಯಾವಾಗಲೂ ತಮ್ಮಾ ಎನ್ನುತ್ತಿದ್ದರು. ಎಲ್ಲ ಶಿಷ್ಯರನ್ನೂ ಹಾಗೆಯೇ ಕರೆದಿದ್ದರು. ಅವರು ಬಹಳ ಹೊತ್ತು ಹೊಳೆಯನ್ನು ನೋಡಿದರು.

ಕೆಲವು ದಿನ ಕಳೆದು ಪಂಪಾಪತಿ ಇನ್ನೊಂದು ಸುದ್ದಿ ತಂದ. ಗಾಡಿ ರಾತ್ರೋರಾತ್ರಿ ತಾನಾಗಿಯೇ ಹೊಸದಾಗಿದೆಯಂತೆ. ಗಾಜಿನೊಳಗಿನ ಚಿತ್ರಗಳೆಲ್ಲ ಜಾಗ ಬದಲಾಯಿಸಿವೆಯಂತೆ. ಬಲಕ್ಕಿದ್ದ ಗಾಳಿಯ ಚಿತ್ರ ಈಗ ಎಡಕ್ಕೆ, ಇನ್ನೊಂದು ಚಿತ್ರದ ಒಳಗೆ.

"ನಿನ್ನ ಕೇಳಿದ್ರೇನು?"

"ಇಲ್ರಿ. ನೋಡಾಕ ಚಂದ ಆಗಲಿ ಅಂತ ಕಂಪನಿಯವರು ಮಾಡ್ಯಾರ."

"ಚಂದ ಆಗೈತಿ," ಎಂದು ಅಜ್ಜಾರು ಒಪ್ಪಿಕೊಂಡರು.

ಮಂಜಿನ ಕಾಲ ಬಂತು. ಅಂದು ಅಜ್ಜಾರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಪಂಪಾಪತಿ ಗಂಟೆ ಬಾರಿಸಿದ, ಹರಿಗೋಲು ದಂಡೆಗೆ ತಾಗಿದ ಸದ್ದು ಕೇಳಿದ, ಗೌರವ್ವ ಮೆಟ್ಟಿಲು ಹತ್ತುವುದನ್ನು ಕಾಯದೆ ಓಡಿ ಬಂದು ಅಜ್ಜಾರನ್ನು ಹಿಂದೆ ಕೂರಿಸಿ ಗಾಡಿ ತೆಗೆದ.

ಆಶ್ರಮದ ಓಣಿ ದಾಟುವ ಮೊದಲೇ ದಾರಿ ಕಾಣುವ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿತು. ಹಬೆ ಕರಗಿಸಲು ಅವನ ಬೆರಳು ಪರದೆಯಲ್ಲಿ ಮೊದಲು ಗಾಳಿಯ ಚಿತ್ರ ಇದ್ದ ಕಡೆಗೆ ಹೋಯಿತು. ಅಲ್ಲಿ ಹಾಡು ಇತ್ತು. ಅವನು ತಲೆ ಬಗ್ಗಿಸಿ ಹುಡುಕಿದ.

ಗಾಡಿ ಕಿರುಚಿ ತಾನಾಗಿಯೇ ನಿಂತಿತು.

ಮುಂದೆ ಗೌರವ್ವ ನಿಂತಿದ್ದಳು. ಒಂದು ಕೈ ಬಾನೆಟ್ಟಿನ ಮೇಲಿತ್ತು. ಗಡಿಗೆ ಒಡೆದು ಮೊಸರು ನೆಲದ ಪಾಲಾಗಿತ್ತು.

ಪಂಪಾಪತಿ ಬಾಗಿಲು ತೆಗೆದು ಕೆಳಗೆ ಹಾರಿದ. ಆದರೂ ಮೊದಲು ಬಾಯಿಗೆ ಬಂದ ಮಾತು ಬೇರೆ.

"ಗಾಡೀನ ನಿಲ್ಲಿಸಿತ್ರಿ, ಅಜ್ಜಾರ. ಆಕೀನ ನೋಡಿ ನಿಲ್ಲಿಸಿತು."

"ಹೌದು," ಎಂದರು ಅಜ್ಜಾರು. "ಗಾಡಿ ನೋಡಿತು. ನೀ ಎಲ್ಲಿದ್ದಿ?"

ಗೌರವ್ವ ಬೈಯಲಿಲ್ಲ. ಅವಳು ಬೈದಿದ್ದರೆ ಎಂದು ಪಂಪಾಪತಿ ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು.

"ನಾಳಿಂದ ನಾ ಬರಂಗಿಲ್ರಿ, ಅಜ್ಜಾರ. ಇಷ್ಟು ದಿನ ನೀರಿನ ಮ್ಯಾಲೂ ಹೆದರಿಕಿ ಇರಲಿಲ್ಲ. ಈಗ ನೆಲದ ಮ್ಯಾಲ ಬಂತು."

ಬರಲೂ ಇಲ್ಲ.

ಪಂಪಾಪತಿ ದಿನವೂ ಬೆಳಿಗ್ಗೆ ಗಂಟೆ ಬಾರಿಸಿದ. ಮಂಜು ಕರಗುತ್ತಿತ್ತು, ಬರಿ ಹೊಳೆ ಕಾಣುತ್ತಿತ್ತು. ಅಂಗಳದ ಕಸ ಅಲ್ಲೇ ಉಳಿಯಿತು. ಒಮ್ಮೆ ಗಾಡಿ ಹತ್ತಿ ಕೂತ. ಅದು ಎಂದಿನಂತೆ ಅವನ ಹೆಸರು ಹೇಳಿತು. ಅವನು ಇಳಿದು ಬಾಗಿಲು ಹಾಕಿದ.

ಗೌರವ್ವ ಮತ್ತೆ ಬರುತ್ತಾಳೆಯೇ ಎಂದು ಅಜ್ಜಾರನ್ನು ಕೇಳಿದ. ಅಜ್ಜಾರು ಅಕ್ಕಿ ಆರಿಸುತ್ತಿದ್ದರು. ಆರಿಸುತ್ತಲೇ ಇದ್ದರು.

ಮರುದಿನ ಎದ್ದಾಗ ಅಜ್ಜಾರು ಇರಲಿಲ್ಲ. ಹಾಸಿಗೆ ಮಡಿಸಿತ್ತು, ಊರುಗೋಲು ಮೂಲೆಯಲ್ಲಿರಲಿಲ್ಲ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಕೈಯೇ ತನಗೆ ಮಸುಕು.

ಆಗ ನೀರಿನ ಮೇಲಿಂದ ದನಿ ಬಂತು.

"ಪಂಪಾಪತೀ..."

ಅಜ್ಜಾರ ದನಿಯಲ್ಲಿ ತನ್ನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು.

ಮೆಟ್ಟಿಲು ಇಳಿದು ಕೈ ಚಾಚಿದ. ಕಂಬ ಸಿಕ್ಕಿತು. ಹಗ್ಗ ಸಿಗಲಿಲ್ಲ. ಮೇಲೆ ತಡವಿದ, ಕೆಳಗೆ ತಡವಿದ, ಬಗ್ಗಿ ನೆಲ ಮುಟ್ಟಿದ. ಬರಿ ತಣ್ಣನೆಯ ಕಲ್ಲು.

ದನಿ ಮತ್ತೆ ಬಂತು. ಈ ಸಲ ಎಡದಿಂದ, ಕೆಳಗಿನಿಂದ. ಆ ಕಡೆ ಬಂಡೆಗಳಿದ್ದವು.

ಬಂದೆ ಎಂದು ಕೂಗಲೂ ಅವನಿಗೆ ಹೊಳೆಯಲಿಲ್ಲ. ಕೈ ಹುಡುಕುತ್ತಿದ್ದಾಗ ಬಾಯಿಯೂ ಕಿವಿಯೂ ಕೈಯ ಹಿಂದೆಯೇ ಹೋಗಿದ್ದವು.

ಕೊನೆಗೆ ಎಡಗಡೆಯ ಕಂಬದಲ್ಲಿ, ತಲೆಗಿಂತ ಮೇಲೆ ಸಿಕ್ಕಿತು. ಹೊಸ ಕೆಂಪು ಬಟ್ಟೆ ಸುತ್ತಿ ಅಚ್ಚುಕಟ್ಟಾಗಿ ಕಟ್ಟಿತ್ತು. ಅವನು ಬಾರಿಸಿದ. ತೋಳು ಸೋಲುವ ತನಕ ಬಾರಿಸಿದ. ಕೆಳಗೆಲ್ಲೋ ಹರಿಗೋಲು ಕಲ್ಲಿಗೆ ಉಜ್ಜಿದ ಸದ್ದು ಕೇಳಿ ಆ ಕಡೆ ಓಡಿದ.

ಹುಲಿಗೆಪ್ಪ ಬಂಡೆಗಳ ನಡುವೆ ಹುಟ್ಟು ಊರಿ ಹರಿಗೋಲನ್ನು ತಡೆದು ನಿಂತಿದ್ದ. ಅಜ್ಜಾರು ಮೊಣಕಾಲುಮಟ್ಟ ನೀರಿನಲ್ಲಿ ಇಳಿದು ಬರುತ್ತಿದ್ದರು. ಕೈಯಲ್ಲಿ ಗಡಿಗೆ ಇತ್ತು.

"ಇಬ್ಬರು ಸನ್ಯಾಸಿಗಳ ಪಾಠದಾಗ ಹೆಂಡ್ತಿ ಮಕ್ಕಳು ಇರೋ ನಾ ಸಾಯಬೇಕಿತ್ತು," ಎಂದ ಹುಲಿಗೆಪ್ಪ.

ಪಂಪಾಪತಿ ಅಜ್ಜಾರ ತೋಳು ಹಿಡಿದ. ಬಿಡಲಿಲ್ಲ. ಅಳುತ್ತಿದ್ದ.

"ಹಗ್ಗ ಯಾರು ಸರಿಸಿದ್ರಿ?"

"ನಾನ," ಎಂದರು ಅಜ್ಜಾರು. "ನೋಡಾಕ ಚಂದ ಆಗಲಿ ಅಂತ."

ಪಂಪಾಪತಿ ಮೆಟ್ಟಿಲಿಗೆ ಮರಳಿದ. ಕೆಂಪು ಬಟ್ಟೆ ಬಿಚ್ಚಿದ. ಹಗ್ಗವನ್ನು ಮೊದಲಿನ ಕಂಬಕ್ಕೆ, ಮೊದಲಿನ ಎತ್ತರಕ್ಕೆ ಕಟ್ಟಿದ. ಕಣ್ಣು ಮುಚ್ಚಿ ಕೈ ಚಾಚಿ ನೋಡಿದ. ಸಿಕ್ಕಿತು.

ಗಡಿಗೆಯಲ್ಲಿ ಮೊಸರಿತ್ತು. ಗೌರವ್ವ ಮೊಸರು ಕೊಟ್ಟಳಂತೆ. ತಾನು ಬರಬೇಕಾದರೆ ಮಾತ್ರ ಆ ಸನ್ಯಾಸಿಯ ಕಣ್ಣು ದಾರಿಯ ಮೇಲಿರಬೇಕು ಎಂದಳಂತೆ.

"ಗಾಡಿ ತಿರುಗಿ ಕೊಟ್ಟುಬಿಡೋಣೇನ್ರಿ?" ಎಂದ ಪಂಪಾಪತಿ.

"ಬ್ಯಾಡ. ಆಕೀನ ಉಳಿಸಿದ್ದು ಅದಾ ಅಲ್ಲೇನು?"

ಮಂಜು ಕರಗಿದ ಮೇಲೆ ಆಸ್ಪತ್ರೆಗೆ ಹೊರಟರು. ಅಜ್ಜಾರು ಮುಂದಿನ ಬಾಗಿಲು ತೆಗೆದು ಅವನ ಪಕ್ಕ ಕೂತರು. ಬೆಲ್ಟು ಎಳೆದು ಹಾಕಿಕೊಂಡರು. ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿದರು. ಪಂಪಾಪತಿ ಗಾಳಿ, ದೀಪ, ದಾರಿ ಎಲ್ಲವನ್ನೂ ನಿಂತಲ್ಲೇ ಸರಿಮಾಡಿಕೊಂಡ.

"ನಡುದಾರ್ಯಾಗ ಏನರ ಬೇಕಾದ್ರ, ಅಜ್ಜಾರ?"

"ಕೈ ಹುಡುಕಾಕ ಹತ್ತಿದ್ರ, ಮೊದಲ ಗಾಲಿ ನಿಲ್ಲಲಿ."

ಗಾಡಿ ಅವನ ಹೆಸರು ಹೇಳಿ ಸ್ವಾಗತಿಸಿತು. ಅಜ್ಜಾರು ಅದರ ಮಾತು ಮುಗಿಯುವ ತನಕ ಕಾದರು.

"ಪಂಪಾಪತಿ," ಎಂದರು. "ಇದನ್ನ ಮಾಡಿದವರು ಎಲ್ಲ್ಯರ ಸಿಕ್ಕರ ಹೇಳು. ಅವರು ಸಿಗದಿದ್ದರ, ಸಿಕ್ಕವರಿಗೆ ಹೇಳು. ಹಗ್ಗ ಇದ್ದಲ್ಲೇ ಇರಲಿ. ನೀರಿನ ಮ್ಯಾಲ ಯಾರೋ ಅದಾರ."