ಚಿತ್ರದಲ್ಲಿಲ್ಲದ ಎಮ್ಮೆ

ಬೆಟ್ಟದ ಬುಡದ ಕೆರೆಗೆ ಇಂಗ್ಲಿಷ್ ದೊರೆಯೊಬ್ಬ ಬಂದು ಮೂರು ದಿನ ಕೂತು ಚಿತ್ರ ಬರೆದ. ನೀರಲ್ಲಿದ್ದ ಎಮ್ಮೆ ಕಾಳವ್ವ ಅವನಿಗಾಗಿ ಬಾಲವನ್ನೂ ಅಲ್ಲಾಡಿಸದೆ ನಿಂತಳು. ಚಿತ್ರವನ್ನು ಒಣಗಲು ಇಟ್ಟಾಗ ಹೋಗಿ ನೋಡಿದಳು. ಬೆಟ್ಟವಿತ್ತು, ಕೆರೆಯಿತ್ತು, ಬೆಳ್ಳಕ್ಕಿಯೂ ಇತ್ತು. ಅವಳು ನಿಂತಿದ್ದ ಜಾಗದಲ್ಲಿ ಒಂದು ಕರಿಬಂಡೆಯಿತ್ತು.

“ಏನೋ ಕುಂಚಪ್ಪ, ನಾನೆಲ್ಲಿ?”

“ಎಮ್ಮೆಯಿದ್ದರೆ ನೋಟ ಕೆಡುತ್ತದಂತೆ, ಕಾಳವ್ವ. ದೊರೆಗಳು ತಿದ್ದಿಸಿದರು,” ಎಂದಿತು ಕುಂಚ.

ಬೆಳ್ಳಕ್ಕಿ ನಕ್ಕಿತು. “ಬರೀ ಚಿತ್ರ ತಾನೇ, ಅಕ್ಕ! ನಾನಂತೂ ಚೆನ್ನಾಗಿ ಬಂದಿದ್ದೇನೆ.”

ಚಿತ್ರ ಕಲೆಕ್ಟರರ ಬಂಗಲೆಯ ಗೋಡೆಗೇರಿತು. ನೋಡಿದ ಅಧಿಕಾರಿಗಳೆಲ್ಲ, ಕೆರೆಯೆಂದರೆ ಹೀಗಿರಬೇಕು ಎಂದರು. ಬೇಸಿಗೆಯ ಹೊತ್ತಿಗೆ ಕೆರೆಯ ಸುತ್ತ ಮುಳ್ಳುತಂತಿಯ ಬೇಲಿ ಬಂತು. ಬಾಯಾರಿದ ಕರುವನ್ನು ಕರೆತಂದ ಕಾಳವ್ವನ ಮೂತಿಗೆ ಮುಳ್ಳು ಚುಚ್ಚಿತು.

“ದಾರಿ ಬಿಡು. ನಮ್ಮಜ್ಜಿ ಕುಡಿದ ನೀರಿದು.”

“ಸುಳ್ಳು ಹೇಳಬೇಡ,” ಎಂದಿತು ಬೇಲಿ. “ಚಿತ್ರ ನೋಡಿಯೇ ನನ್ನನ್ನು ಹಾಕಿದ್ದಾರೆ. ಇಲ್ಲಿ ಎಮ್ಮೆ ಯಾವತ್ತೂ ಇರಲೇ ಇಲ್ಲ.”

ತನ್ನನ್ನು ಒರೆಸಿಹಾಕಿದ್ದು ಚಿತ್ರದಿಂದ ಮಾತ್ರವಲ್ಲ ಎಂದು ಕಾಳವ್ವನಿಗೆ ಆಗ ತಿಳಿಯಿತು. ಬೆಳ್ಳಕ್ಕಿ ಬೇಲಿಯ ಮೇಲಿಂದ ಹಾರಿ ನೀರಿಗಿಳಿಯಿತು. ಕರು ಅಂಬಾ ಎಂದಿತು.

“ಹಾಗಾದರೆ ಇಲ್ಲದ ಎಮ್ಮೆಯ ಕೊಂಬು ತಡಕೋ,” ಎಂದು ಕಾಳವ್ವ ಬೇಲಿಯ ಗೂಟಕ್ಕೆ ಗುದ್ದಿದಳು.