ದ್ಯಾಮವ್ವನ ನೆತ್ತಿಯ ಮೇಲಿನ ದಾರಿ

೧೯೫೨ರ ಬೇಸಿಗೆಯಲ್ಲಿ ಗದಗಿನ ಸಮೀಪ ಒಂದು ಹತ್ತಿ ಗಿರಣಿಗೆ ಇಟ್ಟಿಗೆಯ ಚಿಮಣಿ ಕಟ್ಟುತ್ತಿದ್ದರು. ಹಿರಿಯ ಗೌಂಡಿ ಮೌಲಾಸಾಬರಿಗೆ ಮೇಲೇರಲು ಆಗುತ್ತಿರಲಿಲ್ಲ. ಆ ಕೆಲಸವನ್ನು ಶಿಷ್ಯ ಗುರುಸಿದ್ದನಿಗೆ ಒಪ್ಪಿಸಿದ್ದರು. ಕಟ್ಟಳೆ ಒಂದೇ. ಪ್ರತಿ ಸುತ್ತು ಇಟ್ಟಿಗೆ ಮುಗಿದಾಗ ಚಿಮಣಿಯ ನಡುವಿನಿಂದ ದಾರ ಕಟ್ಟಿದ ತೂಗುಗುಂಡನ್ನು ಇಳಿಬಿಡಬೇಕು. ಚಿಮಣಿಯೊಳಗೆ ತಳದ ನಟ್ಟನಡುವೆ ಹೊಡೆದ ಮೊಳೆಯ ಬಳಿ ಕೂತ ಕೂಲಿಯಾಕೆ ದ್ಯಾಮವ್ವ, ಗುಂಡು ಮೊಳೆಯ ಮೇಲೆಯೇ ನಿಂತರೆ "ಸೈ" ಅನ್ನಬೇಕು. ಆಮೇಲೆಯೇ ಮುಂದಿನ ಸುತ್ತು.

ಒಂದು ದಿನ ಓವರ್‌ಸಿಯರ್ ಕತ್ತೆತ್ತಿ ನೋಡಿ, "ಭೇಷ್ ಗುರುಸಿದ್ದ, ಜೆನಿತ್ ಮುಟ್ಟಿಬಿಟ್ಟಿ" ಅಂದರು. ಜೆನಿತ್ ಅಂದರೆ ಎಲ್ಲಕ್ಕಿಂತ ಮೇಲಿನ ತುದಿ ಎಂದೂ ತಿಳಿಸಿದರು. ಮಾತು ಗುರುಸಿದ್ದನ ತಲೆಗೇರಿತು. ಮರುದಿನ ಅವನು ಗುಂಡು ಇಳಿಬಿಡಲಿಲ್ಲ.

"ಯಪ್ಪಾ, ಗುಂಡು ಬಿಡೋ," ದ್ಯಾಮವ್ವ ಕೂಗಿದಳು.

"ನನಗ ನನ್ನ ಕಣ್ಣೇ ಗುಂಡು. ನೀ ಎಲಿ ಅಡಕಿ ಹಾಕ್ಕೊಂಡು ಕುಂದ್ರಬೇ."

ಐದು ಸುತ್ತು ಏರಿತು. ದ್ಯಾಮವ್ವ ಹೋಗಿ ಮೌಲಾಸಾಬರನ್ನು ಕರೆತಂದಳು. ಅವರ ಮಾತಿಗೆ ಗುಂಡು ಇಳಿಯಿತು. ಮೊಳೆಯಿಂದ ಎರಡು ಬೆರಳು ಆಚೆ ನಿಂತಿತು.

ಗುರುಸಿದ್ದ ಇಳಿದು ಬಂದ. ಮುಖ ಸುಣ್ಣವಾಗಿತ್ತು. ಚಿಮಣಿ ಬಿದ್ದರೆ ಬುಡದಲ್ಲಿ ಕೂತವಳು ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೌಲಾಸಾಬರು ಬೈಯಲಿಲ್ಲ. ಅವನನ್ನು ದ್ಯಾಮವ್ವನ ಜಾಗದಲ್ಲಿ ಕೂರಿಸಿ, ಮೇಲೆ ನೋಡಲು ಹೇಳಿದರು. ಆಕಾಶ ಒಂದು ತಟ್ಟೆಯಷ್ಟು ಕಂಡಿತು.

"ಸರ್ವೇದವರ ಕೂಡ ದುಡಿಯುವಾಗ ಕೇಳಿದ್ದೆ," ಅಂದರು. "ಜೆನಿತ್ ಹುಟ್ಟಿದ್ದು ಅರಬಿಯೊಳಗ. ನೆತ್ತಿ ಮ್ಯಾಲಿನ ದಾರಿ ಅಂತ ಅರ್ಥ. ಕೆಳಗಿನ ತುದಿಗೆ ನೇಡಿರ್ ಅಂತಾರ. ಅದೂ ಅರಬಿನ. ಎದುರಿಗಿರೋದು ಅಂತ."

"ಯಾರ ನೆತ್ತಿ, ಉಸ್ತಾದ್?"

"ಕೆಳಗ ನಿಂತು ನೋಡೋರದು. ಇಷ್ಟು ದಿನ ಈಕಿ ನೆತ್ತಿ ಹಿಡದ ನೀ ನೆಟ್ಟಗ ಏರಿದಿ."

ಗುರುಸಿದ್ದ ದ್ಯಾಮವ್ವನ ಕಾಲು ಮುಟ್ಟಿದ. "ನೀ ಉಸ್ತಾದರನ್ನ ಕರೀದಿದ್ರ ನಾ ಎಲ್ಲಾರನ್ನೂ ಕೆಡವತಿದ್ದೆ, ಯವ್ವಾ."

"ಕಾಲು ಬಿಡು. ಮೊದ್ಲ ಆ ಐದು ಸುತ್ತು ಕೆಡವು."

ಕೆಡವಿದ. ಮತ್ತೆ ಕಟ್ಟಿದ. ಅಂದಿನಿಂದ ಪ್ರತಿ "ಸೈ"ಗೂ ಮೇಲಿನಿಂದ "ಉಪಕಾರ ಆತಬೇ" ಎಂಬ ಉತ್ತರ ಬರುತ್ತಿತ್ತು. ಕೆಲಸ ಮುಗಿದ ದಿನ ಓವರ್‌ಸಿಯರ್ ತನಗೆ ಹಾಕಿದ ಮಾಲೆಯನ್ನು ಗುರುಸಿದ್ದ ದ್ಯಾಮವ್ವನ ಕೊರಳಿಗೆ ಹಾಕಿದ.

ನೀತಿ: ತುದಿಗೇರಿದವನನ್ನು ನೆಟ್ಟಗೆ ನಿಲ್ಲಿಸಿದವರು ತಳದಲ್ಲಿರುತ್ತಾರೆ. ಅವರ ಮಾತು ಕೇಳಬೇಕು, ಅವರ ಉಪಕಾರ ನೆನೆಯಬೇಕು. ಆ ಚಿಮಣಿಯ ಎತ್ತರ ತೊಂಬತ್ತು ಅಡಿ. ವಾಲಿದ್ದು ಸೊನ್ನೆ.